ಶೆಟ್ಟರ ಉದ್ದರಿ ಪುಸ್ತಕ: ಒಂದು ಶಾಸನಾತ್ಮಕ ಅಧ್ಯಯನ

ಕನ್ನಡ ನಾಡಿನ ಕಲ್ಲುಕಲ್ಲನ್ನೂ ತಡವಿ ಶಾಸನಗಳನ್ನು ಓದಿಸಿದ ಬಿ. ಎಲ್. ರೈಸ್ ಸಾಹೇಬರು ನಮ್ಮೂರ ಶೆಟ್ಟರ ಅಂಗಡಿಯ ಕಡೆ ತಲೆಹಾಕಲಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಬಂದ 1886ರಲ್ಲಿ ಶೆಟ್ಟರು ಹುಟ್ಟಿಯೇ ಇರಲಿಲ್ಲವೆಂಬ ಆಕ್ಷೇಪ ಕೇಳಿಬಂದಿದೆ. ಅಂಗಡಿಯ ಹುಣಸೆಹಣ್ಣಿನ ಡಬ್ಬದ ತಳ ಕಂಡವರು ಈ ಮಾತಾಡುವುದಿಲ್ಲ.

ಪ್ರಸ್ತುತ ಅಧ್ಯಯನದ ಮೂಲ ಆಕರ, ಗಲ್ಲಾಪೆಟ್ಟಿಗೆಯ ಪಕ್ಕ ದಾರದಲ್ಲಿ ತೂಗುವ ಉದ್ದರಿ ಪುಸ್ತಕ. ಶಾಸನದಲ್ಲಿ ‘ಸ್ವಸ್ತಿ ಶ್ರೀ’ ಇರುವೆಡೆ ಇಲ್ಲಿ ಅರಿಶಿನ ಕುಂಕುಮ ಮೆತ್ತಿದ ಶ್ರೀಕಾರವಿದೆ. ಶಾಸನದ ಕೊನೆಗೆ, ದತ್ತಿ ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಕೊಂದ ಪಾಪ ಬರಲೆಂಬ ಶಾಪ. ಇಲ್ಲಿ ಅದರ ಬದಲು ಗೋಡೆಯ ಮೇಲೆ ‘ಇಂದು ನಗದು ನಾಳೆ ಉದ್ದರಿ’. ಎರಡಕ್ಕೂ ಯಾರೂ ಹೆದರಿದ ಕುರುಹಿಲ್ಲ.

ಅಂಕಿತನಾಮಗಳು ಜಟಿಲವಾಗಿವೆ. ‘ಹೊಸ ಮೇಷ್ಟ್ರು’ ಎಂದು ದಾಖಲಾದವರು ಪಿಂಚಣಿ ಪಡೆಯಲಾರಂಭಿಸಿ ಹತ್ತು ವರ್ಷ ದಾಟಿದೆ. ಕೆಲವು ಹೆಸರುಗಳ ಮೇಲೆ ಅಡ್ಡಗೆರೆಯಿದೆ: ತೀರಿಸಿದವರಿಗೆ ಒಂದು, ತೀರಿಕೊಂಡವರಿಗೆ ಎರಡು. ಎರಡು ಗೆರೆಯವರ ಬಾಕಿಯನ್ನು ಮಕ್ಕಳ ಪುಟಕ್ಕೆ ಒಯ್ದ ಒಂದು ನಿದರ್ಶನವೂ ಸಿಗಲಿಲ್ಲ. ಇದು ಲಿಪಿಕಾರನ ಪ್ರಮಾದವೇ ಇರಬೇಕು.

ಸಂಖ್ಯಾಶಾಸ್ತ್ರದಲ್ಲೂ ಶೆಟ್ಟರದು ಸ್ವತಂತ್ರ ಪಂಥ. ಭತ್ತ ಅಳೆಯುವಾಗ ‘ಒಂದು’ ಎನ್ನರು. ‘ಲಾಭ, ಎರಡು, ಮೂರು’ ಎನ್ನುತ್ತಾರೆ. ಲೆಕ್ಕದ ಕೊನೆಯಲ್ಲೂ ಆ ಲಾಭ ಉಳಿದಿರುತ್ತದೆಯೇ ಎಂದು ಕೇಳಿದರೆ ತಕ್ಕಡಿಯ ದಾರ ಸರಿಮಾಡುತ್ತಾರೆ.

ಇನ್ನು ನಾಣ್ಯಶಾಸ್ತ್ರ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತಷ್ಟೆ. ಎರಡಾಣೆಗೆ ಹನ್ನೆರಡೂವರೆ ಪೈಸೆ! ಆ ಅರ್ಧ ಪೈಸೆಯನ್ನು ಏನು ಮಾಡಬೇಕೆಂದು ದೊಡ್ಡವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ, ತಂದೆಯ ಪಕ್ಕ ಪೊಟ್ಟಣ ಕಟ್ಟುತ್ತಿದ್ದ ಹುಡುಗ ಶೆಟ್ಟರು ಗಿರಾಕಿಯ ಕೈಗೆ ನಿಂಬೆಹುಳಿ ಪೆಪ್ಪರಮೆಂಟು ಇಟ್ಟರಂತೆ. 2011ರ ಜೂನ್ 30ಕ್ಕೆ ನಾಲ್ಕಾಣೆಯ ಬಿಲ್ಲೆಯ ಚಲಾವಣೆ ನಿಂತಾಗಲೂ ಅದೇ ಪೆಪ್ಪರಮೆಂಟು ಕೈಹಿಡಿಯಿತು. ಈಗ ಅಂಗಡಿಗೆ ಫೋನಿನಲ್ಲಿ ದುಡ್ಡು ಹಾಕುವ ಚೌಕುಳಿ ಚೀಟಿ ಬಂದಿದೆ. ಕೊಡಬೇಕಾದ್ದು ಪೈಸೆ ಸಮೇತ ಹೋಗುತ್ತದೆ, ಪೆಪ್ಪರಮೆಂಟು ಸಿಗುವುದಿಲ್ಲ. ಮಕ್ಕಳು ಇದನ್ನು ಆರ್ಥಿಕ ಹಿನ್ನಡೆ ಎಂದು ಪರಿಗಣಿಸಿದ್ದಾರೆ. ಪ್ರಸ್ತುತ ಸಂಶೋಧಕನ ಅಭಿಪ್ರಾಯವೂ ಅದೇ.

ಐಹೊಳೆಯ ಅಯ್ಯಾವೊಳೆ ಐನೂರ್ವರು ದೇಶದೇಶ ತಿರುಗಿ ವ್ಯಾಪಾರ ಮಾಡಿದರು. ನಮ್ಮ ಶೆಟ್ಟರು ಕೂತಲ್ಲಿಂದ ಏಳದೆ ಮಾಡಿದರು. ಯಾವುದು ಕಷ್ಟವೆಂದು ಮಂಡಿನೋವಿರುವವರನ್ನು ಕೇಳಬೇಕು.

ಕಳೆದ ರಾಜ್ಯೋತ್ಸವದಂದು ಊರು ಅವರನ್ನು ಸನ್ಮಾನಿಸಿತು. ಶಾಲು, ಪೇಟ ಪಟ್ಟಣದಿಂದ ಬಂದವು. ಹಾರದ ಜೊತೆಗಿನ ತೆಂಗಿನಕಾಯಿ, ಕಲ್ಲುಸಕ್ಕರೆ, ಊದುಬತ್ತಿ, ಹಂಚಿದ ಬೂಂದಿಗೆ ಕಡಲೆಹಿಟ್ಟು, ಎಣ್ಣೆ ಎಲ್ಲವೂ ಇದೇ ಅಂಗಡಿಯವು. ಭಾಷಣಕಾರರು ‘ನಿಸ್ವಾರ್ಥ ಸೇವೆ’ ಎಂದಾಗ ಶೆಟ್ಟರು ಮಗನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಭಾವುಕರಾಗಿದ್ದಾರೆಂದು ಸಭೆ ಚಪ್ಪಾಳೆ ತಟ್ಟಿತು.

ಮರುದಿನದ ಪುಟದಲ್ಲಿ ಹೀಗಿದೆ: ‘ಸನ್ಮಾನ ಸಮಿತಿ. ಕಾಯಿ 5, ಕಲ್ಲುಸಕ್ಕರೆ ಅರ್ಧ ಕೆಜಿ, ಊದುಬತ್ತಿ 2, ಕಡಲೆಹಿಟ್ಟು 4 ಕೆಜಿ, ಎಣ್ಣೆ 3 ಲೀಟರು.’ ಇದರ ಮೇಲೆ ಇನ್ನೂ ಯಾವ ಗೆರೆಯೂ ಬಿದ್ದಿಲ್ಲ. ಸಮಿತಿಯ ಕಾರ್ಯದರ್ಶಿ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪ್ರಸ್ತುತ ಸಂಶೋಧಕ ಈಚೆಗೆ ಬಸ್ಸಿಗೆ ಕೆರೆ ಏರಿಯ ಮೇಲಿಂದ ಸುತ್ತಿಕೊಂಡು ಹೋಗುತ್ತಾನೆ.