ಕ್ಲೂ ಬೇಕಾ?

ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಸಾವಿರ ಹೋಳಾಗುತ್ತದೆ ಎಂದು ಬೇತಾಳ ವಿಕ್ರಮನಿಗೆ ಹಾಕಿದ ನಿಬಂಧನೆ ಪ್ರಶ್ನೆ ಕೇಳುವವರಿಗೂ ಅನ್ವಯಿಸಿದ್ದರೆ ಕ್ವಿಜ್ ಪ್ರಿಯರ ಸಂತತಿ ಎಂದೋ ಅಳಿದುಹೋಗುತ್ತಿತ್ತು. ಈ ವ್ಯಕ್ತಿಗೆ ಉತ್ತರ ಗೊತ್ತಿರುವುದು ದೊಡ್ಡ ಸುಖವಲ್ಲ, ಹೇಳದೆ ಇಟ್ಟುಕೊಳ್ಳುವುದು ದೊಡ್ಡ ಸುಖ. ಎದುರಿಗಿದ್ದವರು ಸೋತೆವೆಂದು ಕೈಮುಗಿದರೂ ಆತ ಬಿಡುವುದಿಲ್ಲ. 'ಇದು ವರ್ಕಬಲ್, ಯೋಚನೆ ಮಾಡಿ, ಪ್ರಶ್ನೆಯಲ್ಲೇ ಉತ್ತರ ಇದೆ' ಎನ್ನುತ್ತಾನೆ. ಆಮೇಲೆ ತುಸು ಮುಂದೆ ಬಾಗಿ, 'ಕ್ಲೂ ಬೇಕಾ?'

ಈತ ಎಲ್ಲ ಊರುಗಳಲ್ಲೂ ಸಿಗುತ್ತಾನೆ, ಬೆಂಗಳೂರಿನಲ್ಲಿ ಹೇರಳ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಅಲ್ಲಿ ಕ್ವಿಜ್‌ಗಳನ್ನು ನಡೆಸುತ್ತ ಬಂದಿರುವುದರಿಂದ ಈಗ ಎರಡನೆಯ ತಲೆಮಾರೂ ಫಲಕ್ಕೆ ಬಂದಿದೆ. ಮೈಮೇಲೆ ಯಾವುದೋ ಕಾಲೇಜು ಉತ್ಸವದ ಟೀಶರ್ಟ್, ಅಕ್ಷರ ಮಾಸಿದಷ್ಟೂ ಗೌರವ ಜಾಸ್ತಿ. ನೇರ ಪ್ರಶ್ನೆ ಕಂಡರೆ ಈತನಿಗೆ ಅಸಹ್ಯ. ರಾಜಧಾನಿ ಯಾವುದು, ಎತ್ತರ ಎಷ್ಟು ಎಂದು ಕೇಳುವುದು ಮಕ್ಕಳಾಟ. ಚರ್ಚಿಲ್ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ ಸಂಗತಿಯನ್ನು ಯಾರಾದರೂ ಹೊಸದೆಂಬಂತೆ ಕೇಳಿದರೆ, ಹಳಸಿದ ಸಾರು ಬಡಿಸಿದವರಂತೆ ಅವರನ್ನು ನೋಡುತ್ತಾನೆ. ಕಿಸಾನ್ ಜಾಮಿನ ಬಾಟಲಿ ತೋರಿಸಿ ಕ್ರಿಕೆಟಿಗನ ಹೆಸರು ಕೇಳುವುದೂ ಅದೇ ಸಾಲಿಗೆ ಸೇರಿತು. ರಾಹುಲ್ ದ್ರಾವಿಡ್ ತಂದೆ ಆ ಕಂಪನಿಯಲ್ಲಿ ಕೆಲಸದಲ್ಲಿದ್ದರು, ಅದಕ್ಕೇ ಮಗನಿಗೆ 'ಜ್ಯಾಮಿ' ಎಂಬ ಅಡ್ಡಹೆಸರು ಬಂತು ಎಂಬುದು ಈಗ ಪಕ್ಕದ ಮನೆಯ ಮಗುವಿಗೂ ಗೊತ್ತು.

ಈತನ ಕಸುಬನ್ನು ಮದುವೆ ಊಟದ ಪಂಕ್ತಿಯಲ್ಲಿ ನೋಡಬೇಕು. ಸಾರು ಬಂದು ಪಾಯಸ ಬರುವುದಕ್ಕೆ ಮುಂಚಿನ ಬಿಡುವು ಈತನಿಗೆ ಸಾಕು. 'ಮೈಸೂರು ಅರಸರು 1937ರಲ್ಲಿ ಒಂದು ಕಾರ್ಖಾನೆ ಶುರುಮಾಡಿದರು. ಅಲ್ಲಿ ತಯಾರಾಗುವ ಒಂದು ಸರಕನ್ನು ಈ ಪಂಕ್ತಿಯಲ್ಲಿ ಕೂತ ದೊಡ್ಡವರೆಲ್ಲ ಮೈಗೆ ಹಚ್ಚಿಸಿಕೊಂಡಿದ್ದೀರಿ. ಒಬ್ಬರೂ ದುಡ್ಡು ಕೊಟ್ಟಿಲ್ಲ. ತೊಳೆದರೆ ಹೋಗಬಾರದು, ಅದೇ ಅದರ ಗುಣ.' ಎಡಗಡೆಯವರು ಗಂಧದೆಣ್ಣೆ ಅಂದರು. ಅರಿಸಿನ ಅಂತ ಯಾರೋ ಕೂಗಿದರು. ಈತ ಕಣ್ಣರಳಿಸಿ ತಲೆಯಾಡಿಸುತ್ತಾನೆ, ಒಂದೊಂದು ತಪ್ಪು ಉತ್ತರಕ್ಕೂ ಮುಖ ಒಂದಿಷ್ಟು ಬೆಳಗುತ್ತದೆ. 'ಕ್ಲೂ ಕೊಡ್ಲಾ? 1962ರಲ್ಲಿ ಮೊದಲು ದೇಶದ...' ಎನ್ನುವಷ್ಟರಲ್ಲಿ, ಎದುರು ಸಾಲಿನಲ್ಲಿ ಹಪ್ಪಳ ಮುರಿಯುತ್ತಿದ್ದ ನಿವೃತ್ತ ಮೇಷ್ಟ್ರು, ತಲೆ ಎತ್ತದೆ, 'ಓಟಿನ ಮಸಿ ತಾನೆ?' ಅಂದುಬಿಟ್ಟರು.

ಸರಿಯುತ್ತರವೇ. ಆ ಕಾರ್ಖಾನೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ್ದು. ಮಸಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿ ಚರ್ಮದ ಮೇಲೆ ಕಪ್ಪಾಗಿ ಕೂರುತ್ತದೆ, ಆದ್ದರಿಂದ ಸೋಪಿಗೆ ಜಗ್ಗುವುದಿಲ್ಲ. ಇದೆಲ್ಲವನ್ನೂ ಈತ ವಿವರಿಸಬೇಕೆಂದಿದ್ದ, ಈಗ ಯಾರಿಗೂ ಬೇಡ. 'ಹೇಗೆ ವರ್ಕ್‌ಔಟ್ ಮಾಡಿದ್ರಿ ಸಾರ್?' ಎಂದು ನೊಂದು ಕೇಳುತ್ತಾನೆ. ಮೇಷ್ಟ್ರು ಆರು ಚುನಾವಣೆಯಲ್ಲಿ ಮತಗಟ್ಟೆ ಡ್ಯೂಟಿ ಮಾಡಿದವರು. 'ಮಾಡೋದೇನು ಬಂತು, ಬಾಟಲಿ ಮೇಲೆ ಬರ್ದಿರುತ್ತಲ್ಲ.' ಹೀಗೆ ಉತ್ತರ ಅನುಭವದಿಂದ ಬಂದರೆ ಈತನ ಶಾಸ್ತ್ರದಲ್ಲಿ ಅದು ಅಂಕಕ್ಕೆ ಅರ್ಹವಲ್ಲ.

ಇದೇ ವಂಶದ ಇನ್ನೊಂದು ಕವಲಿಗೆ ಮಾಹಿತಿಯೂ ಬೇಡ, ಲ್ಯಾಟರಲ್ ಥಿಂಕಿಂಗ್ ಇದ್ದರೆ ಸಾಕು. ಮಾಲ್ಟಾ ದೇಶದ ಎಡ್ವರ್ಡ್ ಡಿ ಬೋನೊ ಈ ಮಾತನ್ನು ಚಾಲ್ತಿಗೆ ತಂದದ್ದು 1967ರಲ್ಲಿ. ಕೊಲ್ಕತ್ತದ ಒಂದು ಚರ್ಚ್ ಸಭಾಂಗಣದಲ್ಲಿ ನೀಲ್ ಓಬ್ರಿಯನ್ ಭಾರತದ ಮೊದಲ ಸಾರ್ವಜನಿಕ ಕ್ವಿಜ್ ನಡೆಸಿದ್ದೂ ಅದೇ ವರ್ಷ. ಈ ಕವಲಿನವನ ಮೆಚ್ಚಿನ ಪ್ರಶ್ನೆ ಲಿಫ್ಟಿನದು. ಹತ್ತನೇ ಮಹಡಿಯಲ್ಲಿ ವಾಸವಿರುವಾತ ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿನವರೆಗೂ ಇಳಿಯುತ್ತಾನೆ, ಸಂಜೆ ಏಳನೇ ಮಹಡಿಯಲ್ಲೇ ಇಳಿದು ಉಳಿದದ್ದನ್ನು ಹತ್ತಿಕೊಂಡು ಹೋಗುತ್ತಾನೆ. ಮಳೆ ಬಂದ ದಿನ ಮಾತ್ರ ಸೀದಾ ಹತ್ತಕ್ಕೆ. ಯಾಕೆ? ಕೇಳುಗರು ಪ್ರಶ್ನೆ ಹಾಕಬಹುದು, ಈತ ಹೌದು, ಇಲ್ಲ, ಸಂಬಂಧವಿಲ್ಲ ಎಂಬ ಮೂರರಲ್ಲಿ ಒಂದನ್ನು ಮಾತ್ರ ದಯಪಾಲಿಸುತ್ತಾನೆ. ಆಸಾಮಿ ಕುಳ್ಳ, ಏಳರ ಗುಂಡಿಗಿಂತ ಮೇಲೆ ಕೈ ಎಟುಕದು, ಮಳೆಗಾಲದಲ್ಲಿ ಕೈಯಲ್ಲಿ ಕೊಡೆ ಇರುತ್ತದೆ ಎಂಬುದು ಮಾನ್ಯ ಉತ್ತರ. 'ಶುಗರ್ ಇರ್ಬೇಕು, ಡಾಕ್ಟ್ರು ಮೂರು ಮಹಡಿ ಹತ್ತಿ ಅಂದಿದಾರೆ, ಮಳೇಲಿ ಮೆಟ್ಟಿಲು ಜಾರುತ್ತೆ' ಎಂದು ಸೋದರತ್ತೆ ಹೇಳಿದ್ದರಲ್ಲಿ ಪ್ರಶ್ನೆಗೆ ವಿರುದ್ಧವಾದದ್ದು ಒಂದೂ ಇಲ್ಲ. ಆದರೂ 'ಇಲ್ಲ'. ಪಕ್ಕಕ್ಕೆ ಯೋಚಿಸಿ ಎಂದು ಉಪದೇಶಿಸುವವರು ತಮ್ಮ ಪಕ್ಕ ಬಿಟ್ಟು ಬೇರೆ ಪಕ್ಕಕ್ಕೆ ಯಾರನ್ನೂ ಬಿಡುವುದಿಲ್ಲ.

ಉತ್ತರ ಕರ್ನಾಟಕದ ಮದುವೆಗಳಲ್ಲಿ ಮದುಮಗಳು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾಳೆ. ಹೆಸರು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ, ಇಡೀ ಮಂಟಪಕ್ಕೆ ಗೊತ್ತು. ಆದರೂ ಅದು ಕೊನೆಗೆ ಬಾಯಿಂದ ಬಿದ್ದಾಗ ಹೋ ಎಂಬ ಕೇಕೆ ಏಳುತ್ತದೆ. ಗೊತ್ತಿರುವ ಉತ್ತರಕ್ಕೆ ಅಷ್ಟೊಂದು ಸಂಭ್ರಮ ಏಕೆಂಬುದು ಈತನಿಗೆ ಬಗೆಹರಿಯದ ಒಗಟು.

ಇನ್ನು ಮನೆಯಲ್ಲಿ, 'ಗ್ಯಾಸ್ ಬುಕ್ ಮಾಡಿದ್ರಾ?' ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡೂ ಬರುವುದಿಲ್ಲ, 'ಸಂಬಂಧವಿಲ್ಲ' ಎಂದು ಒಮ್ಮೆ ಅಂದವನು ಮತ್ತೆ ಅಂದಿಲ್ಲ. ಚಟ ಬೀದಿಗೂ ಬರುತ್ತದೆ. ಆಟೋದವನು ಎಲ್ಲಿಗೆ ಎಂದರೆ, 'ಕೆರೆಯ ಅಂಗಳದಲ್ಲಿ ಕಟ್ಟಿದ್ದು, ಬೋರ್ಡಿನ ಮೇಲೆ ಊರು ಕಟ್ಟಿದವನ ಹೆಸರು, ಜನ ಕರೆಯೋದು ಈಗಿಲ್ಲದ ಟಾಕೀಸಿನ ಹೆಸರಿಂದ. ಕ್ಲೂ ಬೇಕಾ?'

'ಮೆಜೆಸ್ಟಿಕ್ ತಾನೆ ಸಾರ್? ಮೀಟರ್ ಮೇಲೆ ಐವತ್ತು ಕೊಡಿ.'