ಪಟ್ಟಿಗಳ ಪಾಣಿಗ್ರಹಣ

ನಮ್ಮಲ್ಲಿ ಮದುವೆ ಗೊತ್ತಾದ ಕೂಡಲೇ, ಕಂಪ್ಯೂಟರ್ ಓದಿದವನೆಂಬ ಒಂದೇ ಕಾರಣಕ್ಕೆ ನನ್ನನ್ನು ಆಮಂತ್ರಿತರ ಖಾತೆಯ ಮಂತ್ರಿ ಮಾಡಿದರು. ರಾಜಾಜಿನಗರದ ದೊಡ್ಡಪ್ಪನದೊಂದು ಪಟ್ಟಿ, ವಿಜಯನಗರದ ಅತ್ತೆಯದೊಂದು, ಬಸವೇಶ್ವರನಗರದ ಚಿಕ್ಕಮ್ಮನದು ಹಾಲಿನ ಲೆಕ್ಕದ ಬೆನ್ನಿಗೆ, ಕೆಂಗೇರಿ ಮಾವನದು ವಾಯ್ಸ್ ಮೆಸೇಜಿನಲ್ಲಿ, ಕೆಮ್ಮಿನ ಸಮೇತ.

ಪೈಥಾನ್‌ನಲ್ಲಿ ಒಂದಾಗಿಸಲು ಕೂತೆ. ಪ್ಲಸ್ ಹಾಕಿದರೆ ಅದು ಪ್ರತಿ ಸಲವೂ ಹೊಸ ಪಟ್ಟಿ ತೆರೆದು ಹಳಬರನ್ನೆಲ್ಲ ಮೊದಲಿನಿಂದ ನಕಲು ಮಾಡುತ್ತದೆ, ಹೊಸ ನೆಂಟ ಬಂದಾಗಲೆಲ್ಲ ದೊಡ್ಡಪ್ಪ ವಂಶಾವಳಿಯನ್ನು ಮೂಲಪುರುಷನಿಂದ ಶುರುಮಾಡುವ ಹಾಗೆ. 'ಎಕ್ಸ್‌ಟೆಂಡ್' ಜಾಣ, ಇದ್ದ ಪಟ್ಟಿಯ ಬಾಲದಲ್ಲೇ ಹೊಸಬರನ್ನು ಕೂರಿಸುತ್ತದೆ. 'ಇಟರ್‌ಟೂಲ್ಸ್'ನ 'ಚೈನ್' ಶುದ್ಧ ಸೋಮಾರಿ, ಹಾಗಾಗಿ ನನಗೆ ಅಚ್ಚುಮೆಚ್ಚು. ಏನನ್ನೂ ನಕಲಿಸದೆ, ಕೇಳಿದಾಗ ಮಾತ್ರ ಒಬ್ಬೊಬ್ಬರನ್ನೇ ಮುಂದೆ ತಳ್ಳುತ್ತದೆ.

ಆದರೆ ಕೆಲವರು ಎಲ್ಲ ಪಟ್ಟಿಗಳಲ್ಲೂ ಹಾಜರು! 'ಸೆಟ್'ಗೆ ಹಾಕಿದರೆ ಜೋಡಿ ಹೆಸರು ಹೋಗುತ್ತದೆ, ಜೊತೆಗೆ ಹಿರಿತನದ ಕ್ರಮವೂ ಹೋಗುತ್ತದೆ. ಸೋದರಮಾವನಿಗಿಂತ ಮೊದಲು ಕೇಬಲ್‌ನವನ ಹೆಸರು ಬಂದರೆ ಮದುವೆ ನಡೆದ ಹಾಗೇ! ಆಮೇಲೆ 'ಡಿಕ್ಟ್' ಹಿಡಿದೆ. ಸೇರಿಸಿದ ಕ್ರಮ ಕಾಪಾಡುತ್ತೇನೆಂದು ಪೈಥಾನ್ 3.7ರಿಂದ ಅದು ಮಾತು ಕೊಟ್ಟಿದೆ. ನಮ್ಮ ಕೇಟರಿಂಗ್‌ನವರೂ ಅಷ್ಟು ಖಚಿತವಾಗಿ ಕೊಟ್ಟಿರಲಿಲ್ಲ.

ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಸಿದ್ಧ. ಅಜ್ಜಿ ಕನ್ನಡಕ ಏರಿಸಿ ನೋಡಿದರು. 'ಮೀಸೆ ರಾಮಣ್ಣ', 'ಮೋದಿ ಆಸ್ಪತ್ರೆ ರಸ್ತೆ ರಾಮಣ್ಣ', 'ನವರಂಗ್ ಹತ್ರದ ಭಾವ' ಮೂವರೂ ಒಬ್ಬರೇ ಅಂತೆ! ಪೈಥಾನ್‌ಗೆ ಮೀಸೆಯ ಜ್ಞಾನವಿಲ್ಲ. ಅಜ್ಜಿ ಎರಡನ್ನು ಗೀಚಿಹಾಕಿ, "ಇವನನ್ನು ಮನೆಗೇ ಹೋಗಿ ಕರೀಬೇಕು" ಎಂದು ಅದಕ್ಕೂ ನನ್ನನ್ನೇ ನೇಮಿಸಿದರು.