ಅಜ್ಜ ಸತ್ತದ್ದು ಜ್ವರಕ್ಕೆ

ದಾವಣಗೆರೆ ಜಿಲ್ಲೆಯ ಯಾವ ಚಹಾದಂಗಡಿಗೆ ಹೋದರೂ ವಾದದಲ್ಲಿ ಸೋಲದ ಒಬ್ಬ ಆಸಾಮಿ ಕೂತಿರುತ್ತಾನೆ. ಜಗಳೂರಿನವನಾದರೆ ಅವನ ವಿಷಯ ಮಳೆ. ಕತ್ತೆಗಳಿಗೆ ಮದುವೆ ಮಾಡಿದ ವಾರಕ್ಕೇ ಹದ ಮಳೆ ಬಿತ್ತು, ಇನ್ನೇನು ಸಾಕ್ಷಿ ಬೇಕು? ಮದುವೆಯಾಗಿಯೂ ಮೋಡ ಬಾರದ ವರ್ಷಗಳ ಮಾತೆತ್ತಿದರೆ, 'ಆ ಸಲ ಮುಹೂರ್ತ ಸರಿ ಇರಲಿಲ್ಲ.' ನ್ಯಾಮತಿಯವನಿಗೆ ಊರಲ್ಲಿ ಆದ ಒಳ್ಳೆಯದೆಲ್ಲ 2018ರಲ್ಲಿ ತಾಲ್ಲೂಕು ಬೇರೆಯಾದದ್ದರಿಂದ. ಹೊನ್ನಾಳಿಯವನಿಗೆ ಕೆಟ್ಟದ್ದೆಲ್ಲ ಅದರಿಂದಲೇ.

ಇವರೆಲ್ಲ ಚಿಲ್ಲರೆ ವ್ಯಾಪಾರಿಗಳು. ಸಗಟು ಅಂಗಡಿ ಚನ್ನಗಿರಿಯ ನಮ್ಮ ಭಾವನದು.

ಸೂಳೆಕೆರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂಬುದು ಅವರ ಖಾಯಂ ಮಾತು. 'ಮೊದಲನೇದು ಎಲ್ಲಿದೆ ಭಾವ?' ಅಂದೆ. 'ಇದು ಎರಡನೇದು ಅಂತ ಜಗತ್ತಿಗೇ ಗೊತ್ತು. ಮೊದಲನೇದನ್ನ ಹುಡುಕೋದು ನಿನ್ನ ಕೆಲಸ.' ಇನ್ನೂ ಎಳೆದರೆ ಜೆ.ಎಚ್. ಪಟೇಲರು ಬರುತ್ತಾರೆ. 1997ರಲ್ಲಿ ಜಿಲ್ಲೆ ಮಾಡಿದ ಮುಖ್ಯಮಂತ್ರಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಆದ್ದರಿಂದ ಚನ್ನಗಿರಿಯವರು ಹೇಳಿದ್ದು ಸರಿ.

ನನ್ನನ್ನು ಹಣ್ಣು ಮಾಡಿದ್ದು ಮಾತ್ರ ಅಡಿಕೆ. ಸುಗ್ಗಿಯ ಕಾಲ, ಅಂಗಳದ ತುಂಬ ಹಸಿ ಅಡಿಕೆ, ಮೆಟ್ಟುಗತ್ತಿ ಹಿಡಿದು ಸುಲಿಯುತ್ತಿದ್ದ ಹೆಂಗಸರು. ಪತ್ರಿಕೆ ಓದುತ್ತಿದ್ದ ನಾನು ಸುಮ್ಮನಿರಲಾರದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದಾರೆ ಎಂದುಬಿಟ್ಟೆ.

'ನಮ್ಮಜ್ಜನ ಬಾಯಲ್ಲಿ ಅಡಿಕೆ ಇಲ್ಲದ ಗಳಿಗೆ ನಾ ನೋಡಿಲ್ಲ. ಎಂಬತ್ತೇಳು ವರ್ಷ ಬದುಕಿದ. ಸತ್ತದ್ದು ಜ್ವರಕ್ಕೆ.'

'ಒಬ್ಬ ಅಜ್ಜನ್ನ ಹಿಡ್ಕೊಂಡು ಇಡೀ ದೇಶದ ಲೆಕ್ಕ ಹಾಕೋಕಾಗುತ್ತಾ ಭಾವ?'

'ಹಾಗಾದ್ರೆ ಬೀಡಿ? ಬ್ರಾಂದಿ? ಮೊದಲು ಅದನ್ನ ನಿಲ್ಲಿಸಲಿ.'

'ಅದೂ ಕೆಟ್ಟದ್ದೇ. ಆದ್ರೆ ಅಡಿಕೆ...'

'ನೀನು ತಿಂಗಳ ಸಂಬಳದ ಮೇಷ್ಟ್ರು. ಜನ್ಮದಲ್ಲಿ ಒಂದು ಗೊನೆ ಇಳಿಸಿದೀಯಾ?'

'ಇಲ್ಲ.'

'ಮತ್ತೆ?'

ಸುಲಿಯುವ ಹೆಂಗಸರು ಕಿಸಕ್ಕನೆ ನಕ್ಕರು. ಅಲ್ಲಿಗೂ ಬಿಡದೆ ಭಾವ ಅಡಿಗೆಮನೆ ಕಡೆ ಮುಖ ಮಾಡಿ, 'ಕೇಳಿದ್ಯೇನೇ, ನಿನ್ನ ತಮ್ಮ ತೋಟ ಕಡಿದುಹಾಕು ಅಂತಾನೆ!' ಎಂದು ಕೂಗಿದರು. ಕಡಿಯುವ ಮಾತು ನನ್ನ ಬಾಯಿಂದ ಬಂದೇ ಇರಲಿಲ್ಲ. ಆದರೂ ಅಕ್ಕ ಆ ಹೊತ್ತಿನ ಕಾಫಿಯನ್ನು ಮುಖ ನೋಡದೆ ಕುಕ್ಕಿಹೋದಳು. ನಾನು ಮತ್ತೆ ಮೊದಲಿಂದ ಶುರುಮಾಡುವಷ್ಟರಲ್ಲಿ ಭಾವ ಟವೆಲು ಕೊಡವಿ ಎದ್ದರು: 'ತ್ರೀ ಫೇಸ್ ಬಂತು, ಮೋಟ್ರು ಹಾಕ್ಬೇಕು.'

ಗೌತಮನ ನ್ಯಾಯಸೂತ್ರದ ಐದನೇ ಅಧ್ಯಾಯದಲ್ಲಿ ವಾದಿ ಸೋತನೆಂದು ಸಾರುವ 22 ನಿಗ್ರಹಸ್ಥಾನಗಳಿವೆ. ತನ್ನ ತಪ್ಪಿಗೆ ಉತ್ತರ ಕೊಡದೆ 'ನಿನ್ನದರಲ್ಲೂ ಅದೇ ಇದೆ' ಎನ್ನುವುದು ಮತಾನುಜ್ಞಾ. ಬೇರೆ ಕೆಲಸದ ನೆವ ಹೇಳಿ ವಾದದಿಂದ ಎದ್ದುಹೋಗುವುದು ವಿಕ್ಷೇಪ. ಗೌತಮ ಚನ್ನಗಿರಿಗೆ ಬಂದೇ ಇರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಉತ್ಸಾಹದಿಂದ ಇದನ್ನೆಲ್ಲ ಭಾವನಿಗೆ ಓದಿ ಹೇಳಿದೆ. ಅವರು ಗಂಭೀರವಾಗಿ ಕೇಳಿ, 'ನೋಡ್ದ್ಯಾ, ನಾ ಮಾಡೋದು ಶಾಸ್ತ್ರದಲ್ಲೇ ಇದೆ!' ಎಂದರು.

ಅವರ ಮಗ ಬೆಂಗಳೂರಿನಲ್ಲಿ ಇಂಜಿನಿಯರು. ಫೋನಿನಲ್ಲಿ ಅಪ್ಪ ಏನೇ ಅಂದರೂ 'ಸರಿ ಅಪ್ಪ, ಸರಿ ಅಪ್ಪ' ಎಂದು ಎರಡು ನಿಮಿಷದಲ್ಲಿ ಮುಗಿಸುತ್ತಾನೆ. ತರ್ಕದ ದೃಷ್ಟಿಯಿಂದ ಅದರಲ್ಲಿ ಒಂದು ದೋಷವೂ ಇಲ್ಲ. ಫೋನಿಟ್ಟ ಮೇಲೆ ಭಾವ ನನಗೆ ಕರೆ ಮಾಡುತ್ತಾರೆ: 'ಅಡಿಕೆ ಬಗ್ಗೆ ಮತ್ತೇನೋ ಬರೆದಿದಾರಂತಲ್ಲೋ, ಓದಿದ್ಯಾ?' ಹೂಂ ಅಂದರೆ ಮುಕ್ಕಾಲು ಗಂಟೆ. ನಾನೂ ಊಹೂಂ ಅನ್ನುವುದಿಲ್ಲ.

ಹೋದ ಯುಗಾದಿಗೆ ಹೋದಾಗ ಅವರ ಎಲೆಅಡಿಕೆ ಚೀಲ ಕಾಣಲಿಲ್ಲ. ಕೇಳಿದ್ದಕ್ಕೆ 'ಹಲ್ಲು ಸಡಿಲ ಆಗಿದೆ' ಎಂದರು. ಒಳಗೆ ಅಕ್ಕ ಹೇಳಿದ್ದೇ ಬೇರೆ: ಜಗಳವಾದ ದಿನದ ಆ ಪತ್ರಿಕೆಯನ್ನು ರಾತ್ರಿ ಎರಡು ಸಲ ಓದಿ, ಮಡಚಿ ಬೀರುವಿನಲ್ಲಿ ಇಟ್ಟುಕೊಂಡಿದ್ದಾರಂತೆ. ಜಗಿಯುವುದು ಬಿಟ್ಟು ಮೂರು ತಿಂಗಳಾಯಿತಂತೆ.

ಚನ್ನಗಿರಿ ಕಡೆ ಹೋದಾಗ ನಮ್ಮ ಭಾವ ಸಿಕ್ಕರೆ ಅಡಿಕೆ ರೇಟು ಕೇಳಿ, ಕೆರೆ ಎಷ್ಟು ತುಂಬಿದೆ ಎಂದು ಕೇಳಿ. ಅಡಿಕೆ ಬಿಟ್ಟದ್ದು ಗೊತ್ತಾಯಿತು ಎಂದು ಮಾತ್ರ ಅನ್ನಬೇಡಿ. ವಾದ ಗೆಲ್ಲುವುದಕ್ಕಾದರೂ ಮತ್ತೆ ಶುರುಮಾಡಿಯಾರು.